ಗುಬ್ಬಚ್ಚಿ ಕಸೂತಿಗೆ ರೇಯಾನ್ ಬೇಡ, ಸಾದಾ ಕಾಟನ್ನೇ ಸಾಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಟನ್ ದಾರಕ್ಕೆ. ಅದೂ ಆರು ಎಳೆಯ ಲಡಿಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ಲಾಂಗ್ ಅಂಡ್ ಶಾರ್ಟ್ ಸ್ಟಿಚ್‌ನಲ್ಲಿ, ಅಂದರೆ ಉದ್ದ, ಗಿಡ್ಡ ಹೊಲಿಗೆಗಳನ್ನು ಪಕ್ಕಪಕ್ಕ ಹಾಕುತ್ತಾ ಜಾಗ ತುಂಬುವ ಬಗೆಯಲ್ಲಿ. ಒಂದೇ ಗಂಡು ಗುಬ್ಬಚ್ಚಿಯ ಚಿತ್ರವನ್ನು ಮೂರು ಬಗೆಯ ದಾರದಲ್ಲಿ ಹೊಲಿದು ನೋಡಿದ್ದೇನೆ: ಹೊಳೆಯುವ ರೇಯಾನ್, ಬಣ್ಣ ತಾನಾಗಿಯೇ ಬದಲಾಗುತ್ತಾ ಹೋಗುವ ಶೇಡೆಡ್ ದಾರ, ಸಾದಾ ಕಾಟನ್. ಹಕ್ಕಿ ಗೊಂಬೆಯ ಹಾಗಲ್ಲ, ಹಕ್ಕಿಯ ಹಾಗೇ ಕಾಣಬೇಕು ಅನ್ನೋದಷ್ಟೇ ನನ್ನ ಆಸೆ.

ರೇಯಾನ್ ಬಂದದ್ದು ಒಂದು ಕಿಟ್‌ನಲ್ಲಿ. ಡಬ್ಬಿಯ ಮೇಲಿನ ಫೋಟೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ದಾರ ಕೈಗೆ ರೇಷ್ಮೆಯಷ್ಟೇ ನುಣುಪು. ಬಣ್ಣಗಳನ್ನೂ ದೂರುವ ಹಾಗಿಲ್ಲ, ಕಂದು, ಬೂದು ಎಲ್ಲ ಸರಿಯಾಗಿಯೇ ಇತ್ತು. ತಕರಾರು ಶುರುವಾಗುವುದು ದೀಪ ಹಾಕಿದ ಮೇಲೆ.

ಗುಬ್ಬಚ್ಚಿಯ ಮೈಯಲ್ಲಿ ಮಿಂಚು ಅನ್ನೋದೇ ಇಲ್ಲ. ನೆತ್ತಿ ಬೂದು, ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಕೆಂಗಂದು, ಕೆನ್ನೆ ಮಾಸಲು ಬಿಳಿ, ಗಂಟಲಲ್ಲಿ ಕರಿ ಪಟ್ಟೆ. ಎಲ್ಲವೂ ಮಂಕು ಬಣ್ಣಗಳೇ. ಅದರ ಚಂದ ಇರೋದೇ ಒಂದು ಕಂದು ಇನ್ನೊಂದು ಕಂದಿಗೆ ಸದ್ದಿಲ್ಲದೆ ಸೇರಿಕೊಳ್ಳುವುದರಲ್ಲಿ. ರೇಯಾನ್ ಇದಕ್ಕೆ ಬಿಡುವುದಿಲ್ಲ. ಬೆಳಕು ಬಿದ್ದ ಕಡೆ ಪಳಪಳ ಅನ್ನುತ್ತದೆ, ಹೊಲಿಗೆ ಒಂಚೂರು ಓರೆಯಾದರೂ ಬಣ್ಣವೇ ಬೇರೆ ಅನಿಸುತ್ತದೆ. ನೆತ್ತಿಯಲ್ಲಿ ಗಾಢ ಬೂದು, ತಿಳಿ ಬೂದು ಪಕ್ಕಪಕ್ಕ ಹಾಕಿದ್ದೆ. ಎಡಗಡೆಯಿಂದ ನೋಡಿದರೆ ಗಾಢ ಬೂದೇ ಬೆಳ್ಳಗೆ ಮಿಂಚುತ್ತದೆ, ತಿಳಿಯದು ಕಪ್ಪಿಟ್ಟುಕೊಳ್ಳುತ್ತದೆ. ಬಟ್ಟೆ ಬಿಗಿದ ರಿಂಗ್ ತಿರುಗಿಸಿದರೆ ಉಲ್ಟಾ. ಕಣ್ಣು ಕಿರಿದು ಮಾಡಿಕೊಂಡು ಹಾಕಿದ ಶೇಡೆಲ್ಲ ದೀಪದ ಮರ್ಜಿಗೆ ಬಿತ್ತು. ಫೋಟೋ ತೆಗೆದರಂತೂ ಕೇಳಲೇಬೇಡಿ, ಹಕ್ಕಿಗೆ ಎಣ್ಣೆ ಹಚ್ಚಿದ ಹಾಗೆ ಬರುತ್ತದೆ.

ಹೊಲಿಯುವಾಗಿನ ಕಾಟ ಬೇರೆ. ರೇಯಾನ್ ಎಳೆ ಜಾರುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ. ಗಂಟು ಹಾಕಿದರೆ ನಿಲ್ಲುವುದಿಲ್ಲ. ಬಟ್ಟೆಯ ಹಿಂದೆ ಎರಡು ಮೂರು ಪುಟ್ಟ ಹೊಲಿಗೆ ಹಾಕಿ ತುದಿಯನ್ನು ಅಲ್ಲೇ ಸಿಕ್ಕಿಸಬೇಕು. ಒದ್ದೆ ಸ್ಪಂಜಿನ ಮೇಲೆ ಎಳೆದುಕೊಂಡರೆ ಸ್ವಲ್ಪ ಹೇಳಿದ ಮಾತು ಕೇಳುತ್ತದೆ, ನಿಜ. ಆದರೆ ರೇಯಾನ್ ನೆನೆದರೆ ಅದರ ಬಲ ಕುಗ್ಗುತ್ತದೆ. ಜೋರಾಗಿ ಎಳೆದಿರೋ, ಪಟ್ ಅಂತ ತುಂಡಾಗುತ್ತದೆ. ಹಾಗಂತ ಗಿಡ್ಡ ಗಿಡ್ಡ ಎಳೆ ಕತ್ತರಿಸಿಕೊಂಡರೆ ಮತ್ತೆ ಮತ್ತೆ ಶುರು ಮಾಡಬೇಕು, ಹಿಂಬದಿಯಲ್ಲಿ ತುದಿಗಳು ಗುಡ್ಡೆ ಬೀಳುತ್ತವೆ. ಗುಬ್ಬಚ್ಚಿಯ ತಲೆಯಷ್ಟು ಚಿಕ್ಕ ಜಾಗದಲ್ಲಿ ಆ ಗುಡ್ಡೆ ಮುಂದಿನಿಂದಲೂ ಗೊತ್ತಾಗುತ್ತದೆ.

ಶೇಡೆಡ್ ದಾರದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಣ್ಣ ಎಲ್ಲಿ ಬದಲಾಗಬೇಕು ಅಂತ ತೀರ್ಮಾನ ಮಾಡುವುದು ದಾರ, ನಾವಲ್ಲ. ಹತ್ತಿರ ಹತ್ತಿರ ಹೊಲಿದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ, ರೆಕ್ಕೆ ಹೋಗಿ ಸ್ವೆಟರ್ ಆಗುತ್ತದೆ. ಹಕ್ಕಿ ಕೂತ ಕೊಂಬೆಗೆ, ಎಲೆಗೆ ಮಾತ್ರ ಚೆನ್ನಾಗಿದೆ.

ಇನ್ನು ಕಾಟನ್. ಇದರಲ್ಲೂ ಸ್ವಲ್ಪ ಹೊಳಪಿದೆ, ಮರ್ಸರೈಸ್ ಮಾಡಿರುತ್ತಾರಲ್ಲ, ಅಂದರೆ ಹೊಳಪು ಬರಲು ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ. ಆದರೆ ಅದು ನಿಜವಾದ ಗರಿಯ ಹೊಳಪಿನಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ನಾನು ಬಳಸಿದ್ದು ಡಿಎಂಸಿ ಕಂಪನಿಯ ದಾರ, ಈ ಅಂಕಿಗಳೆಲ್ಲ ಅದರ ಬಣ್ಣದ ನಂಬರುಗಳು. ಬೆನ್ನಿಗೆ 838, 839, 840, ಎದೆಯ ನೆರಳಿಗೆ 842, ಕೆಂಗಂದಿಗೆ 300 ಮತ್ತು 400, ನೆತ್ತಿಗೆ 646 ಮತ್ತು 648, ಕೆನ್ನೆಗೆ 3865. ಅಚ್ಚ ಬಿಳಿ ದಾರ ಕೊಳ್ಳಲೇ ಇಲ್ಲ. ಕೆನ್ನೆಗೆ ಅದನ್ನು ಹಾಕಿದರೆ ಸುಣ್ಣ ಬಳಿದ ಹಾಗೆ ಎದ್ದು ಕಾಣುತ್ತದೆ.

ಕಪ್ಪಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕಿಟ್‌ಗಳಲ್ಲಿ ಗಂಟಲ ಪಟ್ಟೆಗೆ ಅಚ್ಚ ಕಪ್ಪು ಕೊಡುತ್ತಾರೆ. ಡಿಎಂಸಿಯಲ್ಲಾದರೆ ಅದು 310. ಹಾಕಿ ನೋಡಿ, ಹೊಲಿಗೆಯೇ ಕಾಣುವುದಿಲ್ಲ, ಬಟ್ಟೆಯಲ್ಲಿ ತೂತು ಬಿದ್ದ ಹಾಗಿರುತ್ತದೆ. ನಾನು 3371 ಹಾಕುತ್ತೇನೆ. ಕಪ್ಪೇ ಅನ್ನುವಷ್ಟು ಗಾಢವಾದ ಕಂದು ಅದು. ಅದರ ನಡುನಡುವೆ 646 ಬೂದಿನ ನಾಲ್ಕಾರು ಎಳೆ. ಇದು ಸುಮ್ನೆ ಅಲಂಕಾರಕ್ಕಲ್ಲ. ಗರಿ ಉದುರಿ ಹೊಸದು ಬಂದಾಗ ಗಂಡು ಗುಬ್ಬಚ್ಚಿಯ ಗಂಟಲ ಗರಿಗಳಿಗೆ ಬೂದು ಅಂಚು ಇರುತ್ತದೆ. ಆ ಅಂಚು ಸವೆಯುತ್ತಾ ಹೋದ ಹಾಗೆ ಒಳಗಿನ ಕಪ್ಪು ಹೊರಗೆ ಬರುತ್ತದೆ, ಮರಿ ಮಾಡುವ ಕಾಲಕ್ಕೆ ಪಟ್ಟೆ ದೊಡ್ಡದಾಗಿ ಕಾಣುತ್ತದೆ. ಆಗ ಕೊಕ್ಕೂ ಕಪ್ಪಾಗಿರುತ್ತದೆ. ಹಾಗಾಗಿ ಕೊಕ್ಕು ಕಪ್ಪು ಮಾಡಿದರೆ ಗಂಟಲಿಗೆ ಬೂದು ಎಳೆ ಕಡಿಮೆ ಹಾಕಿ, ಕೊಕ್ಕು ತಿಳಿ ಕಂದಾದರೆ ಜಾಸ್ತಿ ಹಾಕಿ.

ಹೊಲಿಗೆಯಲ್ಲಿ ಸ್ಯಾಟಿನ್ ಸ್ಟಿಚ್, ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತೊತ್ತಾಗಿ ಎಳೆಯುವ ಹೊಲಿಗೆ, ಬೇಗ ಮುಗಿಯುತ್ತದೆ, ಆದರೆ ಎಳೆ ಉದ್ದವಾದಷ್ಟೂ ಸಡಿಲವಾಗುತ್ತದೆ. ಬಣ್ಣ ಬೆರೆಸಲಂತೂ ಆಗುವುದಿಲ್ಲ, ಒಂದು ಬಣ್ಣ ಮುಗಿದ ಕಡೆ ಗೆರೆ ಎಳೆದ ಹಾಗಿರುತ್ತದೆ. ಕಣ್ಣಿನ ಗುಡ್ಡೆಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಪುಟ್ಟ ಗಂಟಿನ ಹಾಗೆ ಕಾಣುವ ಫ್ರೆಂಚ್ ನಾಟ್ ಹಕ್ಕಿಯ ಮೈಗೆ ಬೇಡವೇ ಬೇಡ. ಕಾಲಿಗೆ ಒಂದೆಳೆಯಲ್ಲಿ, ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಹೊಲಿಯುವ ಬ್ಯಾಕ್ ಸ್ಟಿಚ್ ಹಾಕಿ, ಮೇಲೆ ಅದೇ ದಾರ ಸುತ್ತಿದರೆ ಆಯಿತು.

ಲಾಂಗ್ ಅಂಡ್ ಶಾರ್ಟ್ ನಿಧಾನ, ಒಪ್ಪುತ್ತೇನೆ. ಎರಡನೇ ಸಾಲಿನ ಸೂಜಿ ಮೊದಲ ಸಾಲಿನ ಎಳೆಯನ್ನು ಸೀಳಿಕೊಂಡೇ ಮೇಲೆ ಬರಬೇಕು. ಆ ಸೀಳಿನಲ್ಲೇ ಎರಡು ಬಣ್ಣ ಬೆರೆಯುವುದು. ಬಾಲದಿಂದ ಶುರು ಮಾಡಿ ತಲೆಯ ಕಡೆ ಬನ್ನಿ. ತಲೆ ಕಡೆಯ ಗರಿ ತಾನೇ ಹಿಂದಿನ ಗರಿಯನ್ನು ಮುಚ್ಚಿಕೊಂಡಿರೋದು? ಹೀಗೆ ಬಂದರೆ ಅದು ತಾನಾಗಿಯೇ ಆಗುತ್ತದೆ. ರೆಕ್ಕೆಯ ಒಂದೊಂದು ಉದ್ದ ಗರಿಗೂ ಮೊದಲು ಹಿಂದಿನ ಹೊಲಿಗೆಯನ್ನು ಸೀಳಿಕೊಂಡು ಮುಂದೆ ಸಾಗುವ ಸ್ಪ್ಲಿಟ್ ಸ್ಟಿಚ್‌ನಲ್ಲಿ ಅಂಚು ಹಾಕಿ, ಅದರ ಮೇಲಿಂದ ತುಂಬಿಸಿದರೆ ಅಂಚು ಉಬ್ಬಿ ಚೂಪಾಗಿ ನಿಲ್ಲುತ್ತದೆ. ಬೆನ್ನಿನ ಕಲಸುಮೇಲೋಗರ ಬಣ್ಣಕ್ಕೆ ಮಾತ್ರ ಒಂದೇ ಸೂಜಿಗೆ 838 ಒಂದೆಳೆ, 840 ಒಂದೆಳೆ ಪೋಣಿಸುತ್ತೇನೆ.

ಅಪ್ಪಟ ರೇಷ್ಮೆ ದಾರ ಇದಕ್ಕಿಂತ ಚೆನ್ನ ಅನ್ನುವವರಿದ್ದಾರೆ, ಇರಬಹುದು. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಅರ್ಧ ಗಂಟೆ ಕೂರುವವಳು ನಾನು, ತಪ್ಪಾದರೆ ಕತ್ತರಿಸಿ ಬಿಸಾಡುವುದು ಅಭ್ಯಾಸ. ಅಷ್ಟು ದುಬಾರಿ ದಾರಕ್ಕೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಕಾಟನ್‌ನಲ್ಲಿ ಮುಗಿದ ಬಣ್ಣದ ಒಂದೇ ಲಡಿ ತಂದರೆ ಸಾಕು, ಕಿಟ್‌ನಲ್ಲಿ ಆ ಅನುಕೂಲವೂ ಇಲ್ಲ.

ರೇಯಾನ್ ಈಗಾಗಲೇ ಕೊಂಡಿದ್ದರೆ ಬಿಸಾಡಬೇಡಿ. ಗುಬ್ಬಚ್ಚಿ ಬಿಟ್ಟು ಸೂರಕ್ಕಿ ಹೊಲಿಯಿರಿ. ಅದರ ಕತ್ತು ನಿಜಕ್ಕೂ ಹಾಗೇ, ನೋಡುವ ಕಡೆಗೊಂದು ಬಣ್ಣ.