ಕೆಳಮನೆ ಗುತ್ತಿಗೆದಾರರದು, ಮೇಲ್ಮನೆ ನಮ್ಮದು: ನೀರು ಹಾಕಿದವರು ಯಾರು?

ಚಿತ್ರದುರ್ಗದ ನಮ್ಮ ಮನೆಗೆ ಎರಡು ಅಂತಸ್ತು. ಕೆಳಗಿನದನ್ನು 2016ರಲ್ಲಿ ಸಾಮಾನುಸಮೇತ ಗುತ್ತಿಗೆಗೆ ಕೊಟ್ಟು ಕಟ್ಟಿಸಿದೆವು. ಮೇಲಿನದನ್ನು 2022ರಲ್ಲಿ ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ ಎಲ್ಲವನ್ನೂ ನಾವೇ ತರಿಸಿ, ಮೇಸ್ತ್ರಿಗೆ ಕೂಲಿ ಗುತ್ತಿಗೆ ಮಾತ್ರ ಕೊಟ್ಟು, ಎದುರಿಗೆ ನಿಂತು ಮಾಡಿಸಿದೆವು. ಒಂದೇ ನಿವೇಶನ, ಒಂದೇ ಗಾಳಿ, ಒಂದೇ ಮಳೆ. ಯಾವುದು ಮೇಲು ಎಂದು ವಿಚಾರಿಸುವವರೆಲ್ಲ ಮೊದಲು ಚದರಕ್ಕೆ ಎಷ್ಟಾಯಿತು ಎಂದು ಕೇಳುತ್ತಾರೆ. ಆ ದರಪಟ್ಟಿ ಎಲ್ಲ ಕಡೆ ಸಿಗುತ್ತದೆ. ನಾನು ಹೇಳಬೇಕಾಗಿರುವುದು ಕೆಳಮನೆಯ ಪಡುವಣ ಗೋಡೆಯ ವಿಷಯ.

ಆ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ. ಹೊಡೆದರೆ ಗಾರೆ ನಶ್ಯದಂತೆ ಉದುರಿ ತೂತು ದೊಡ್ಡದಾಗುತ್ತದೆ. ಮಾವನವರ ಫೋಟೊ ಹಾಕಲು ಹೋದಾಗ ಅಂಗೈಯಗಲದ ಹೆಕ್ಕಳೆ ಕಳಚಿ ಸೋಫಾದ ಮೇಲೆ ಬಿತ್ತು. ಹೊರಮೈ ತುಂಬ ಕೂದಲೆಳೆ ಬಿರುಕು. ಮಳೆ ಹಿಡಿದರೆ ತೇವ ಒಳಗಿಳಿದು ಬಣ್ಣ ಗುಳ್ಳೆ ಏಳುತ್ತದೆ. ಪುಟ್ಟಿ ಹಾಕಿ ಉಜ್ಜಿ ಬಣ್ಣ ಬಳಿಸಿದರೂ ಮುಂದಿನ ಮಳೆಗಾಲಕ್ಕೆ ಅದೇ ಪಾಡು.

ಸಿಮೆಂಟು ಕದ್ದಿದ್ದಾರೆ ಎಂದು ನೋಡಿದವರೆಲ್ಲ ಹೇಳಿದರು. ನಾನು ಅದನ್ನು ಒಪ್ಪುವುದಿಲ್ಲ. ಅದೇ ಗುತ್ತಿಗೆದಾರರು ಹಾಕಿದ ಕಂಬ, ತೊಲೆ, ತಾರಸಿ ಇವತ್ತಿಗೂ ಗಟ್ಟಿಮುಟ್ಟಾಗಿವೆ. ಗೋಡೆಗೆ ಸಾಲದೆ ಹೋದದ್ದು ನೀರು. 2016 ಬರಗಾಲದ ವರ್ಷ. ನಮ್ಮ ಬೀದಿಯ ಕೊಳವೆಬಾವಿ ಬತ್ತಿ, ಟ್ಯಾಂಕರ್ ತರಿಸಬೇಕಿತ್ತು. ಕರಾರಿನ ಪ್ರಕಾರ ಆ ಖರ್ಚು ಗುತ್ತಿಗೆದಾರರದು. ಊರಿನ ಬೇರೆ ಕಡೆಗಳಲ್ಲೂ ಅವರ ಕೆಲಸ ನಡೆದಿತ್ತು, ಎಲ್ಲದಕ್ಕೂ ನೀರು ಹಾಕಲು ಒಬ್ಬನೇ ಆಳು. ನಾನು ಶಾಲೆಯಲ್ಲಿರುವ ಹೊತ್ತಿಗೆ ಅವನು ಬಂದು, ಗೋಡೆಯ ಮೇಲೆ ಪೈಪು ಆಡಿಸಿ ಹೋಗುತ್ತಿದ್ದನಂತೆ. ದುರ್ಗದ ಗಾಳಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಗುಡ್ಡಗಳ ನೆತ್ತಿಯ ಮೇಲೆ ಸಾಲು ಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆ ಗಾಳಿಗೆ ಎದುರಾಗಿ ನಿಂತ ಹಸಿ ಗಾರೆ ಎಷ್ಟು ಹೊತ್ತು ಒದ್ದೆಯಾಗಿದ್ದೀತು?

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ತಿಳಿದವರೇ ಹೆಚ್ಚು. ಅದು ಗಟ್ಟಿಯಾಗುವುದು ನೀರಿನೊಡನೆ ಕೂಡಿ. ಮೊದಲ ದಿನಗಳಲ್ಲಿ ನೀರು ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಕೆರೆಯನ್ನೇ ತಂದು ಸುರಿದರೂ ಕಳೆದುಹೋದ ಬಲ ಪೂರ್ತಿ ಮರಳುವುದಿಲ್ಲ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456 ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಅಥವಾ ಬಿಸಿಲು, ಒಣಹವೆಯ ಜಾಗದಲ್ಲಿ 10 ದಿನ ತೇವ ಕಾಯಬೇಕು ಎನ್ನುತ್ತದೆ. ಪಿಪಿಸಿ ಎಂದು ಅಚ್ಚಾದ ಮೂಟೆಗಳಲ್ಲಿ ಇರುವುದು ಹೆಚ್ಚಾಗಿ ಬೂದಿ ಬೆರೆತ ಸಿಮೆಂಟೇ. ಅಂದರೆ ನಮ್ಮಂಥ ಊರಿಗೆ ಹತ್ತು ದಿನ ಎಂದಿಟ್ಟುಕೊಳ್ಳುವುದೇ ಸರಿ.

ಗುತ್ತಿಗೆದಾರರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರಿಗೆ ಹಣ ಸಿಗುವುದು ಹಂತ ಹಂತವಾಗಿ: ಪಾಯಕ್ಕೆ ಇಷ್ಟು, ಬಾಗಿಲು ಕಿಟಕಿಗಳ ಮೇಲಿನ ಲಿಂಟೆಲ್ ತೊಲೆಗೆ ಇಷ್ಟು, ಮೋಲ್ಡ್‌ಗೆ ಎಂದರೆ ತಾರಸಿಯ ಕಾಂಕ್ರೀಟಿಗೆ ಇಷ್ಟು, ಗಾರೆಗೆ ಇಷ್ಟು. ಗಾರೆ ಬಳಿದ ಸಂಜೆಯೇ ಆ ಹಂತ ಮುಗಿಯಿತು, ಕಂತು ಬಂತು. ಮುಂದಿನ ಹತ್ತು ದಿನದ ನೀರಿಗೆ ಯಾವ ಕಂತೂ ಇಲ್ಲ. ನಮ್ಮ ಗೋಡೆಯ ರೋಗ ಹೊರಗೆ ಬಿದ್ದದ್ದು ಮೂರನೆಯ ವರ್ಷ. ಕರಾರಿನಲ್ಲಿ ದೋಷ ಸರಿಪಡಿಸುವ ಅವಧಿ ಒಂದೇ ವರ್ಷ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆ ಕಟ್ಟಿಕೊಡುವುದೂ ಸೇವೆಯೇ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬಹುದು. ಮನೆಯವರು ಬೇಡವೆಂದರು. ಗುತ್ತಿಗೆದಾರರು ಬಣ್ಣದವನೊಬ್ಬನನ್ನು ಕಳುಹಿಸಿ ಕೈತೊಳೆದುಕೊಂಡರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೇಲ್ಮನೆಗೆ ಬೇಸಿಗೆ ರಜೆ ನೋಡಿಕೊಂಡೇ ಕೈಹಾಕಿದೆ. ಕೂಲಿ ಗುತ್ತಿಗೆಯಲ್ಲಿ ನೀರು ಹಾಕುವ ಕೆಲಸ ಮನೆ ಕಟ್ಟಿಸುವವರದು, ಅದು ವಾಡಿಕೆ. ಆ ಕೆಲಸ ಇಷ್ಟು ಹಿಡಿಸುತ್ತದೆ ಎಂದು ನಾನು ಎಣಿಸಿರಲಿಲ್ಲ. ಬೆಳಕು ಹರಿಯುವ ಮುಂಚೆ ಮೋಟಾರು ಹಾಕಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಗೋಡೆಯ ತಲೆಯಿಂದ ಕೆಳಕ್ಕೆ ನೀರು ಬಿಡುತ್ತಿದ್ದೆ. ಹೊಸ ಗೋಡೆ ಚುರ್ ಎಂದು ನೀರು ಕುಡಿಯುತ್ತದೆ. ಕಿವಿ ಹತ್ತಿರ ತಂದರೆ ಕೇಳಿಸುತ್ತದೆ. ಬಿಳಿಚಿಕೊಂಡ ಬೂದು ಬಣ್ಣ ಕಪ್ಪಿಗೆ ತಿರುಗುವವರೆಗೆ ಅಲ್ಲೇ ನಿಲ್ಲಬೇಕು. ಮೂಲೆಗಳು, ಕಿಟಕಿಯ ಸಜ್ಜಾದ ಅಡಿ, ಲಿಂಟೆಲ್‌ನ ಮಗ್ಗುಲು, ಇವು ಯಾವಾಗಲೂ ತಪ್ಪಿಸಿಕೊಳ್ಳುವ ಜಾಗಗಳು. ಕಂಬಗಳಿಗೆ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿದಿದ್ದೆವು. ಪ್ರತಿ ಕಂಬದ ಮೇಲೂ ಕಾಂಕ್ರೀಟು ಹಾಕಿದ ತಾರೀಖನ್ನು ಶಾಲೆಯಿಂದ ತಂದ ಸೀಮೆಸುಣ್ಣದಲ್ಲಿ ಬರೆದೆ. ತಾರಸಿಯ ಮೇಲೆ ಮೇಸ್ತ್ರಿ ತೆಳು ಗಾರೆಯಲ್ಲಿ ಚೌಕ ಚೌಕ ಕಟ್ಟೆ ಕಟ್ಟಿಕೊಟ್ಟ ಮೇಲೆ ಅದರಲ್ಲಿ ನೀರು ನಿಲ್ಲಿಸಿದೆವು. ಮಧ್ಯಾಹ್ನ ಗುಬ್ಬಿ, ಪಿಕಳಾರಗಳು ಬಂದು ಮೀಯುತ್ತಿದ್ದವು. ಸಂಜೆಯ ಸರದಿ ಅತ್ತೆಯವರದು. "ನೋಡಮ್ಮಾ, ಈ ಮೂಲೆ ಬೆಳಿಗ್ಗೆ ನೆಂದೇ ಇಲ್ಲ" ಎಂದು ನನ್ನ ಕೆಲಸವನ್ನೂ ತಪಾಸಣೆ ಮಾಡುತ್ತಿದ್ದರು. ಮೇಲಿನ ಗೋಡೆಗಳಿಗೆ ಈಗ ಮೊಳೆ ಹೊಡೆದರೆ ಸುತ್ತಿಗೆಯೇ ಹಿಂದಕ್ಕೆ ಚಿಮ್ಮುತ್ತದೆ.

ಆದರೆ ಗುತ್ತಿಗೆದಾರರ ಮೇಲಿನ ನನ್ನ ಅಭಿಪ್ರಾಯ ಮೃದುವಾದದ್ದೂ ಅದೇ ಬೇಸಿಗೆಯಲ್ಲಿ, ಮೋಲ್ಡ್ ಹಾಕಿದ ದಿನ. ಕೆಳಮನೆಯ ಮೋಲ್ಡ್‌ಗೆ ಬೆಳಗಿನ ಜಾವವೇ ಆಳುಗಳ ತಂಡ, ಮಿಕ್ಸರ್, ಲಿಫ್ಟ್ ಬಂದು ನಿಂತು, ಸಂಜೆಯೊಳಗೆ ಒಂದೇ ಏಟಿಗೆ ಮುಗಿದಿತ್ತು. ನಾವು ಸಿಹಿ ಊಟ ಬಡಿಸಿದ್ದಷ್ಟೇ. ಮೇಲಿನದಕ್ಕೆ ಅರ್ಧ ತಾರಸಿ ತುಂಬಿದ ಹೊತ್ತಿಗೆ ಬಾಡಿಗೆ ಮಿಕ್ಸರ್ ಕೆಟ್ಟಿತು. ನೀರು ಕಲಸಿದ ಸಿಮೆಂಟು ಯಾರಿಗಾಗಿಯೂ ಕಾಯುವುದಿಲ್ಲ. ಮನೆಯವರು ಬೈಕ್ ಹತ್ತಿ ಇನ್ನೊಂದು ಮಿಕ್ಸರ್‌ಗಾಗಿ ಊರೆಲ್ಲ ಸುತ್ತುತ್ತಿದ್ದರೆ, ಮೇಸ್ತ್ರಿ ಆಳುಗಳಿಂದ ನೆಲದ ಮೇಲೇ ಕಲಸಿಸಿ ಬಾಂಡ್ಲಿಯಲ್ಲಿ ಸಾಗಿಸಿದರು. ಹಳೆಯದು ಬಿಗಿದುಕೊಂಡ ಕಡೆ ಕೆರೆದು, ಸಿಮೆಂಟು ಹಾಲು ಸುರಿದು ಮುಂದುವರಿಸಿದರು. ಇಲ್ಲಿಯವರೆಗೆ ಆ ಸಂದಿನಲ್ಲಿ ಸೋರಿಕೆ ಇಲ್ಲ. ಜೋರು ಮಳೆ ಬಂದಾಗಲೆಲ್ಲ ನನ್ನ ಕಣ್ಣು ಮಾತ್ರ ಮೊದಲು ಅಲ್ಲಿಗೇ ಹೋಗುತ್ತದೆ. ಕೆಟ್ಟ ಯಂತ್ರಕ್ಕೆ ಬದಲಿ, ಬಾರದ ಆಳಿಗೆ ಬದಲಿ, ಶನಿವಾರದ ಬಟವಾಡೆಯ ಜಗಳ, ಯುಗಾದಿಗೆ ಊರಿಗೆ ಹೋದವರನ್ನು ಮರಳಿ ಕರೆತರುವ ಪಾಡು ಇವೆಲ್ಲವನ್ನೂ ಹೊರುವವರು ತಮ್ಮ ಪಾಲು ಲಾಭ ಕೇಳಿದರೆ ಅದು ಹೆಚ್ಚೆಂದು ಇನ್ನು ನಾನು ಹೇಳಲಾರೆ.

ದುಡ್ಡಿನ ವಿಷಯ ಚಿಕ್ಕದಾಗಿ. ಮೇಲ್ಮನೆಗೆ ಪಾಯ, ಸಂಪು ಇಲ್ಲದ್ದರಿಂದ ಎರಡನ್ನೂ ಹೋಲಿಸಲು ಬರುವುದಿಲ್ಲ. ಸ್ವಂತ ಬಿಡಿ ಮನೆಯ ಕೂಲಿ ಮಾತ್ರದ ಗುತ್ತಿಗೆಗೆ ಜಿಎಸ್‌ಟಿ ಇಲ್ಲ. ಸಾಮಾನುಸಮೇತ ಗುತ್ತಿಗೆಗೆ ಶೇ 18 ಇದೆ. ನಾವು ಸಿಮೆಂಟಿಗೆ ಶೇ 28 ತೆತ್ತಿದ್ದೆವು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಉಳಿತಾಯ ಇದ್ದೇ ಇದೆ, ಆದರೆ ನನಗೆ ರಜೆ ಇತ್ತು, ಅತ್ತೆ ಮನೆಯಲ್ಲಿದ್ದರು.

ಹಿರಿಯೂರಿನಲ್ಲಿರುವ ನನ್ನ ತಂಗಿ ಈಗ ಮನೆ ಕಟ್ಟಿಸಲು ಹೊರಟಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವರು. ಗುತ್ತಿಗೆಗೇ ಕೊಡು ಎಂದೆ. ಕರಾರಿನಲ್ಲಿ ನೀರಿನ ಬಾಬತ್ತನ್ನು ಗುತ್ತಿಗೆದಾರರಿಂದ ಬಿಡಿಸಿಕೊಂಡು ಅಷ್ಟು ಹಣ ಕಳೆಯಿಸು. ಆ ಹಣದಲ್ಲಿ ನಿನ್ನದೇ ಒಬ್ಬ ಆಳನ್ನು ಬೆಳಿಗ್ಗೆ ಸಂಜೆ ಇಟ್ಟುಕೋ. ಗಾರೆಯ ಕಂತನ್ನು ಗಾರೆ ಬಳಿದ ಹತ್ತು ದಿನದ ಮೇಲೆ, ಗೋಡೆಗೊಂದು ಮೊಳೆ ಹೊಡೆದು ನೋಡಿ ಕೊಡು ಎಂದೂ ಹೇಳಿದ್ದೇನೆ. ಗುತ್ತಿಗೆದಾರರು ಮೊದಲೆರಡಕ್ಕೆ ಒಪ್ಪಿದ್ದಾರೆ. ಮೊಳೆಯ ಮಾತು ಇನ್ನೂ ನಡೆಯುತ್ತಿದೆ.