ಹುಷಾರಿಲ್ಲದಾಗ ರಾಜೀನಾಮೆ ಕಾಗದಕ್ಕೆ ಸಹಿ ಹಾಕಬೇಡಿ

ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ 2024ರ ಫೆಬ್ರವರಿಯಲ್ಲಿ ನಡೆದದ್ದು ಇದು. ಏಳು ವರ್ಷದಿಂದ ಅಲ್ಲೇ ಕಾಲರ್ ಹೊಲಿಯುತ್ತಿದ್ದ ಟೈಲರ್ ಒಬ್ಬರಿಗೆ ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಜ್ವರ. ಗೇಟ್ ಪಾಸ್ ಕೇಳಿದರೆ ಸೂಪರ್‌ವೈಸರ್ "ಟಾರ್ಗೆಟ್ ಮುಗಿಸಿ ಹೋಗು" ಎಂದ. ಕಂಪನಿಯ ನರ್ಸ್ ಪ್ಯಾರಾಸಿಟಮಾಲ್ ಕೊಟ್ಟು ಲೈನಿಗೆ ವಾಪಸ್ ಕಳಿಸಿದರು. ಕೊನೆಗೆ ಆಕೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ತೋರಿಸಿ, ಚೀಟಿಯ ಫೋಟೋವನ್ನು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ, ಹನ್ನೊಂದು ದಿನ ಮನೆಯಲ್ಲೇ ಮಲಗಿದರು. ವಾಪಸ್ ಹೋದ ದಿನ ಪಂಚಿಂಗ್ ಆಗಲಿಲ್ಲ. ಎಚ್‌ಆರ್ ಕೋಣೆಯಲ್ಲಿ ಸಿಕ್ಕಿದ್ದು ಒಂದು ಬಿಳಿ ಹಾಳೆ: "ನೋಡಮ್ಮ, ಸ್ವಂತ ಕಾರಣ ಅಂತ ಬರೆದುಕೊಡು. ಪಿಎಫ್ ದುಡ್ಡು ಬೇಗ ಬರತ್ತೆ. ಹುಷಾರಾದ ಮೇಲೆ ಬಾ, ಹೊಸದಾಗಿ ತಗೋತೀವಿ." ಸಹಿ ಬಿತ್ತು. ಮರುವಾರ ಇಎಸ್‌ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಎಂದು ಗೊತ್ತಾಯಿತು.

ಆ ಒಂದು ಸಹಿಯ ಬೆಲೆ ಎಷ್ಟು? ಆಕೆಯ ಸರಾಸರಿ ದಿನಗೂಲಿ 520 ರೂಪಾಯಿ. ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಕೂಲಿಯ ಶೇ. 70ರಷ್ಟು, ಅಂದರೆ ದಿನಕ್ಕೆ 364 ರೂಪಾಯಿ ಸಿಗುತ್ತದೆ. ವರ್ಷಕ್ಕೆ 91 ದಿನದವರೆಗೆ ಸಿಗುವ ಈ ಹಣ 33,124 ರೂಪಾಯಿ. ಟಿಬಿ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ 91 ದಿನ ಮುಗಿದ ಮೇಲೂ ಶೇ. 80ರ ದರದಲ್ಲಿ, ದಿನಕ್ಕೆ 416 ರೂಪಾಯಿಯಂತೆ ಮುಂದುವರಿಯುತ್ತದೆ. ಆರು ತಿಂಗಳ ಚಿಕಿತ್ಸೆಗೆ ಲೆಕ್ಕ ಹಾಕಿದರೆ ಒಟ್ಟು 70 ಸಾವಿರ ದಾಟುತ್ತದೆ. ಆದರೆ ದಾಖಲೆಯಲ್ಲಿ ಕೆಲಸ ಬಿಟ್ಟ ದಿನ ಮೊದಲು ಬಂತು, ಕಾಯಿಲೆ ಪತ್ತೆಯಾದ ದಿನ ಆಮೇಲೆ ಬಂತು. ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಂಡಿತು. "ಹೊಸದಾಗಿ ತಗೋತೀವಿ" ಅಂದರೆ ಏಳು ವರ್ಷದ ಸರ್ವೀಸ್ ಅಲ್ಲಿಗೇ ಮುಗಿದು ಗ್ರಾಚ್ಯುಟಿಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನೂ ಯಾರೂ ಆಕೆಗೆ ಹೇಳಲಿಲ್ಲ.

ಇಂಥ ಫೈಲುಗಳನ್ನು ನೋಡುತ್ತ ಬಂದವರಿಗೆ ಈ ಆಟ ಹೊಸದಲ್ಲ. ಕಾಯಿಲೆಯನ್ನು ಮೊದಲು ಗೈರುಹಾಜರಿ ಮಾಡುತ್ತಾರೆ, ಆಮೇಲೆ ಗೈರುಹಾಜರಿಯನ್ನು ರಾಜೀನಾಮೆ ಮಾಡುತ್ತಾರೆ. ಇದನ್ನು ತಡೆಯಲು ನಿಮ್ಮ ಕೈಯಲ್ಲಿ ಇರಬೇಕಾದದ್ದು ಇಎಸ್‌ಐ ವೈದ್ಯರ ಸರ್ಟಿಫಿಕೇಟ್. ಖಾಸಗಿ ಕ್ಲಿನಿಕ್ಕಿನ ಚೀಟಿಯನ್ನು ಕಂಪನಿ ಒಪ್ಪಿದರೂ ಇಎಸ್‌ಐ ಹಣಕ್ಕೆ ಅದು ಸಾಲದು. ಹುಷಾರು ತಪ್ಪಿದ ದಿನವೇ ನಿಮ್ಮ ಹೆಸರಿರುವ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಫಾರ್ಮ್ 7ರಲ್ಲಿ ಮೊದಲ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಬರೀ ಮಾತ್ರೆ ತೆಗೆದುಕೊಂಡು ಬರಬೇಡಿ. "ರೆಸ್ಟ್ ಬೇಕು, ಸರ್ಟಿಫಿಕೇಟ್ ಕೊಡಿ" ಎಂದು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಬರೆಯುವುದಿಲ್ಲ. ರಾತ್ರೋರಾತ್ರಿ ಖಾಸಗಿ ಆಸ್ಪತ್ರೆಗೆ ಸೇರಬೇಕಾಗಿ ಬಂದಿದ್ದರೆ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಪರೀಕ್ಷೆಯ ವರದಿಗಳನ್ನೆಲ್ಲ ಡಿಸ್ಪೆನ್ಸರಿಗೆ ಒಯ್ದು ತೋರಿಸಿ. ಅವನ್ನು ಪರ್ಯಾಯ ಸಾಕ್ಷ್ಯವಾಗಿ ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆ. ಸರ್ಟಿಫಿಕೇಟಿನ ಜೆರಾಕ್ಸ್ ಕಂಪನಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಒಲ್ಲೆ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸೂಪರ್‌ವೈಸರ್‌ಗೆ ಕಳಿಸಿದ ವಾಟ್ಸಾಪ್ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಆತ ಕೆಲಸ ಬಿಟ್ಟುಹೋದರೆ ಅದೂ ಹೋಯಿತು.

ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ, ಅದು ಕಾಯುವ ಅವಧಿ. ಹಿಂದಿನ ಕಾಯಿಲೆ ರಜೆ ಮುಗಿದ 15 ದಿನದೊಳಗೆ ಮತ್ತೆ ಮಲಗಿದರೆ ಈ ಕಡಿತವೂ ಇಲ್ಲ. ನೀವು ನಿಜಕ್ಕೂ ಕೆಲಸಕ್ಕೆ ಬಂದಿರಲಿಲ್ಲವೇ ಎಂದು ಇಎಸ್‌ಐ ಬ್ರಾಂಚ್ ಆಫೀಸು ಕಂಪನಿಯನ್ನು ಫಾರ್ಮ್ 10ರಲ್ಲಿ ಕೇಳುತ್ತದೆ. ಕಂಪನಿ ಅದನ್ನು ತುಂಬದೆ ಕೂತರೆ ದುಡ್ಡು ತಡವಾಗುತ್ತದೆ. ಹಾಗಾದಾಗ ಎಚ್‌ಆರ್ ಹತ್ತಿರ ಅಲೆಯುವುದಕ್ಕಿಂತ ಬ್ರಾಂಚ್ ಮ್ಯಾನೇಜರ್‌ಗೇ ಬರೆದುಕೊಡಿ.

ಇನ್ನೊಂದು ಗುಂಡಿ ಕಾಂಟ್ರಿಬ್ಯೂಷನ್, ಅಂದರೆ ಇಎಸ್‌ಐಗೆ ಕಟ್ಟುವ ವಂತಿಗೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಂದ ಶೇ. 0.75 ಹಿಡಿಯುತ್ತಾರೆ, ಮಾಲೀಕರು ಶೇ. 3.25 ಹಾಕಬೇಕು, ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿ–ಜೂನ್ ಕಾಯಿಲೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈ–ಡಿಸೆಂಬರ್ ಕಾಯಿಲೆಗೆ ಲೆಕ್ಕ. ಅಂದರೆ ಫೆಬ್ರವರಿಯಲ್ಲಿ ಮಲಗಿದರೆ ನೋಡುವುದು ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್‌ನ ಹಾಜರಿಯನ್ನು. ಆ ಆರು ತಿಂಗಳಲ್ಲಿ 78 ದಿನದ ಕಾಂಟ್ರಿಬ್ಯೂಷನ್ ಇರಬೇಕು. ದೀರ್ಘ ಕಾಯಿಲೆಯ ಹಣಕ್ಕೆ ಎರಡು ವರ್ಷದ ಸತತ ಕೆಲಸ, ಹಿಂದಿನ ನಾಲ್ಕು ಆರು-ತಿಂಗಳ ಅವಧಿಗಳಲ್ಲಿ 156 ದಿನದ ಕಾಂಟ್ರಿಬ್ಯೂಷನ್ ಬೇಕು. ಕೆಲವು ಕಂಪನಿಗಳು 26 ದಿನ ದುಡಿಸಿ ಪೋರ್ಟಲ್‌ನಲ್ಲಿ 12 ದಿನ ತೋರಿಸುತ್ತವೆ. ಕಂಪನಿಗೆ ಉಳಿಯುವುದು ತಿಂಗಳಿಗೆ ಮುನ್ನೂರು ರೂಪಾಯಿಯೂ ಇಲ್ಲ, ಆದರೆ ಆರು ತಿಂಗಳು ಹಾಗೇ ಹೋದರೆ ನಿಮ್ಮದು 72 ದಿನಕ್ಕೆ ನಿಲ್ಲುತ್ತದೆ. 78 ಮುಟ್ಟದಿದ್ದರೆ 91 ದಿನದ ಹಕ್ಕೇ ಇಲ್ಲ. ಆದ್ದರಿಂದ ಆರೋಗ್ಯವಾಗಿರುವಾಗಲೇ ಹತ್ತಂಕಿಯ ಐಪಿ ನಂಬರ್ (ನಿಮ್ಮ ಇಎಸ್‌ಐ ವಿಮಾ ಸಂಖ್ಯೆ) ಹಾಕಿ ಇಎಸ್‌ಐಸಿ ಪೋರ್ಟಲ್‌ನಲ್ಲಿ ದಿನಗಳ ಸಂಖ್ಯೆ ನೋಡಿಕೊಳ್ಳಿ. ಸಂಬಳದಲ್ಲಿ ಹಿಡಿದು ಕಟ್ಟದೆ ಇದ್ದರೆ ಪೇ ಸ್ಲಿಪ್ಪೇ ಸಾಕ್ಷಿ. ಮಾಲೀಕರು ಕಟ್ಟದ್ದರಿಂದ ಕಾರ್ಮಿಕರಿಗೆ ಹಣ ತಪ್ಪಿದರೆ, ಇಎಸ್‌ಐ ನಿಗಮವೇ ಕೊಟ್ಟು ಮಾಲೀಕರಿಂದ ವಸೂಲು ಮಾಡಲು ಇಎಸ್‌ಐ ಕಾಯ್ದೆ ದಾರಿ ಇಟ್ಟಿತ್ತು. "ನಿಮ್ಮ ಕಂಪನಿ ಕಟ್ಟಿಲ್ಲ, ನಾವೇನು ಮಾಡೋಣ" ಎಂದು ಕೌಂಟರಿನಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ, ಬಿನ್ನಿಪೇಟೆಯ ಇಎಸ್‌ಐ ರೀಜನಲ್ ಆಫೀಸಿಗೆ ಲಿಖಿತವಾಗಿ ದೂರು ಕೊಡಿ.

ಕೆಲಸದಿಂದ ತೆಗೆಯುವ ವಿಷಯಕ್ಕೆ ಬರೋಣ. ಕಾಯಿಲೆ ಹಣ ಪಡೆಯುತ್ತಿರುವ ಅವಧಿಯಲ್ಲಿ ವಜಾ ಮಾಡುವುದನ್ನು, ದರ್ಜೆ ಇಳಿಸುವುದನ್ನು, ಬೇರೆ ಶಿಕ್ಷೆ ಕೊಡುವುದನ್ನು 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ನಿಷೇಧಿಸಿತ್ತು. ಅದು ಎಚ್‌ಆರ್‌ನವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ವಜಾ ಮಾಡದೆ ರಾಜೀನಾಮೆ ಬರೆಸಿಕೊಳ್ಳುವುದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ಹಾಗಾಗಿ ಅರ್ಜಿಯಲ್ಲಿ ನಂಬರಿಗೆ ಜೋತುಬೀಳದೆ ಯಾವ ತಾರೀಕು ಏನಾಯಿತು, ಯಾರು ಏನು ಹೇಳಿದರು ಎಂಬುದನ್ನು ಸಾಲಾಗಿ ಬರೆಯಿರಿ.

"ಎಂಟು ದಿನ ಹೇಳದೆ ಕೇಳದೆ ಬಂದಿಲ್ಲ, ತಾನಾಗಿಯೇ ಕೆಲಸ ಬಿಟ್ಟಂತೆ" ಎನ್ನುವ ನೋಟಿಸು ಮನೆಗೆ ಬಂದರೆ ಕಂಗಾಲಾಗಬೇಡಿ, ಸುಮ್ಮನೂ ಕೂರಬೇಡಿ. ಡಿ.ಕೆ. ಯಾದವ್ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್, ಕಂಪನಿಯ ಸ್ಟ್ಯಾಂಡಿಂಗ್ ಆರ್ಡರಿನಲ್ಲಿ (ಕೆಲಸದ ನಿಯಮಾವಳಿಯಲ್ಲಿ) ಹಾಗೆ ಬರೆದಿದ್ದರೂ ವಿವರಣೆ ಕೇಳದೆ, ವಿಚಾರಣೆ ನಡೆಸದೆ ತೆಗೆಯುವಂತಿಲ್ಲ ಎಂದಿದೆ. ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿ ತಕ್ಷಣ ಉತ್ತರ ಕಳಿಸಿ: ಕಾಯಿಲೆಯಲ್ಲಿದ್ದೇನೆ, ಕೆಲಸ ಬಿಟ್ಟಿಲ್ಲ, ವಾಸಿಯಾದ ಕೂಡಲೇ ಬರುತ್ತೇನೆ. ಮೂರು ಸಾಲು ಸಾಕು. "ಅನಾರೋಗ್ಯದ ಕಾರಣ ಕೆಲಸ ಮಾಡಲು ಅಸಮರ್ಥ" ಎಂಬ ಮಾತಿರುವ ಯಾವ ಕಾಗದಕ್ಕೂ ಸಹಿ ಬೇಡ. ಸತತ ಅನಾರೋಗ್ಯದ ಕಾರಣಕ್ಕೆ ತೆಗೆದರೆ ಅದು ರಿಟ್ರೆಂಚ್‌ಮೆಂಟ್ (ಪರಿಹಾರ ಕೊಟ್ಟು ಮಾಡುವ ಉದ್ಯೋಗ ಕಡಿತ) ಅಲ್ಲ ಎಂದು ಕಾನೂನಿನ ವ್ಯಾಖ್ಯೆಯಲ್ಲೇ ಇದೆ, ಆ ಪರಿಹಾರವೂ ಕೈತಪ್ಪುತ್ತದೆ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ? ರಾಜೀನಾಮೆ ಅಂಗೀಕಾರವಾಗುವ ಮೊದಲು ವಾಪಸ್ ಪಡೆಯಬಹುದು. ಕಾಯಿಲೆಯಲ್ಲಿದ್ದಾಗ ಒತ್ತಾಯದಿಂದ ಬರೆಸಿಕೊಂಡರು ಎಂದು ಅಂದೇ ಬರೆದು ಪೋಸ್ಟ್ ಮಾಡಿ, ಇಮೇಲ್ ವಿಳಾಸ ಇದ್ದರೆ ಅದಕ್ಕೂ ಕಳಿಸಿ. ಅಂಗೀಕಾರವಾಗಿದೆ ಅಂದರೂ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆಯ ಕಚೇರಿ) ಹೋಗಿ ದೂರು ದಾಖಲಿಸಿ. ತಿಂಗಳುಗಟ್ಟಲೆ ಸುಮ್ಮನಿದ್ದು ಹೋದರೆ ಒತ್ತಾಯದ ಮಾತನ್ನು ನಂಬುವವರು ಕಡಿಮೆ.

ಹೌಸ್‌ಕೀಪಿಂಗ್, ಸೆಕ್ಯುರಿಟಿಯವರಿಗೆ ಒಂದು ಮಾತು: ಕಾಂಟ್ರಾಕ್ಟರ್ ಇಎಸ್‌ಐ ಕಟ್ಟದೆ ಓಡಿಹೋದರೂ ನೀವು ದುಡಿಯುವ ಕಂಪನಿಯ ಹೊಣೆ ತಪ್ಪುವುದಿಲ್ಲ. ಸಂಬಳ 21,000 ದಾಟಿದ ತಿಂಗಳೇ ಇಎಸ್‌ಐ ನಿಲ್ಲಿಸುವುದೂ ತಪ್ಪು, ಆ ಆರು ತಿಂಗಳ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು.

ವಾಸಿಯಾದ ಮೇಲೆ ಇಎಸ್‌ಐ ವೈದ್ಯರಿಂದ ಫೈನಲ್ ಸರ್ಟಿಫಿಕೇಟ್ ತೆಗೆದುಕೊಂಡೇ ಗೇಟಿಗೆ ಹೋಗಿ. ಯಾವ ದಿನದಿಂದ ಕೆಲಸಕ್ಕೆ ಯೋಗ್ಯ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಬಿಟ್ಟು ಖಾಸಗಿ ಆಸ್ಪತ್ರೆಯ ಫಿಟ್‌ನೆಸ್ ಬೇಕು ಎಂದು ಕಂಪನಿ ಹಟ ಹಿಡಿದರೆ, "ಬೇಕೆಂದು ಬರೆದುಕೊಡಿ, ಖರ್ಚೂ ನೀವೇ ಕೊಡಿ" ಎನ್ನಿ. ಒಳಗೆ ಬಿಡದೆ ಇದ್ದರೆ ಗೇಟಿನಲ್ಲಿ ನಿಂತ ತಾರೀಕು, ಸಮಯ ಬರೆದು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ.