ಫೋಟೋ ತೆಗೆದರು, ಕೀ ವಾಪಸ್ ಇಸಿದುಕೊಂಡರು

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಬರೆದರೆ ನಾನೇ ಪೆದ್ದ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಬರೆಯದಿದ್ದರೆ ಇನ್ಯಾರೋ ಅದೇ ಹುಬ್ಬಳ್ಳಿ ಕಾರ್ ಶೋರೂಮಿಗೆ ಹೋಗಿ, ಅದೇ ಮೆತ್ತನೆ ಸೋಫಾದಲ್ಲಿ ಕೂತು, ಅದೇ ಕಾಫಿ ಕುಡಿದು ಸಹಿ ಹಾಕಿ ಬರುತ್ತಾರೆ. ಗ್ರಾಹಕರ ಆಯೋಗಕ್ಕೆ ಹೋಗುವುದಿದೆ. ಹಾಗಾಗಿ ಕಂಪನಿ ಹೆಸರು, ಶೋರೂಮ್ ಹೆಸರು ಎರಡೂ ಇಲ್ಲಿ ಹಾಕುವುದಿಲ್ಲ.

ನನ್ನದು ಗದಗ. ಪ್ರಿಂಟಿಂಗ್ ಪ್ರೆಸ್ ಇದೆ. ನಮ್ಮೂರಲ್ಲಿ ಪ್ರೆಸ್ ಇಟ್ಟಿರುವುದು ದೊಡ್ಡ ವಿಷಯವಲ್ಲ, ಕಲ್ಲು ಒಗೆದರೆ ಯಾವುದಾದರೂ ಪ್ರೆಸ್ಸಿನ ಮೇಲೇ ಬೀಳುತ್ತದೆ. ಮೂವತ್ತು ವರ್ಷದಿಂದ ಮದುವೆ ಕಾರ್ಡು, ಬಿಲ್ ಬುಕ್ಕು, ಅಂಗಡಿ ಪಾಂಪ್ಲೆಟ್ಟು ಮಾಡಿಕೊಂಡು ಬಂದವನು. ದೊಡ್ಡ ಅಕ್ಷರದಲ್ಲಿ ಬೆಲೆ, ಅದರ ಪಕ್ಕ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ, ಕೆಳಗೆ 6 ಪಾಯಿಂಟಿನ ಪುಟ್ಟ ಅಕ್ಷರದಲ್ಲಿ 'ಷರತ್ತುಗಳು ಅನ್ವಯ'. ಆ ನಕ್ಷತ್ರ ಕೂರಿಸುವ ಕೆಲಸವೇ ನನ್ನದು. ಹೀಗಿದ್ದೂ ಬಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇವಿ, ಅಂದರೆ ಕರೆಂಟಿನ ಕಾರಿನ ಹುಚ್ಚು ಹಿಡಿದಿದ್ದು ಬೇರೆ ಯಾರಿಂದಲೂ ಅಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ದಿನಾ ನೋಡುತ್ತೇವಲ್ಲ, ನಮ್ಮ ಗಾಳಿ, ನಮ್ಮ ಕರೆಂಟು, ಅದರಲ್ಲೇ ಓಡಾಡಿದರೆ ಹೇಗಿರುತ್ತದೆ ಅಂತ ಒಂದು ಆಸೆ. ಇರಲಿ.

2025ರ ಜನವರಿಯಲ್ಲಿ ಶೋರೂಮಿಗೆ ಹೋದೆ. ಹೊಸ ಮಾಡೆಲ್, ದೊಡ್ಡ ಲಾಂಚು. ಬ್ರೋಷರಿನಲ್ಲಿ 16.99 ಲಕ್ಷ. ನಕ್ಷತ್ರ ಇತ್ತು. ಓದಲಿಲ್ಲ. ಆ ಬೆಲೆ ಎಲ್ಲಕ್ಕಿಂತ ಕೆಳಗಿನ ಮಾಡೆಲ್ಲಿಗೆ, ಆ ಮಾಡೆಲ್ ಬರುವುದು ವರ್ಷದ ಕೊನೆಗೆ, ಮನೆಯ ಚಾರ್ಜರ್ ಬೇರೆ, ಅದನ್ನು ಕೂರಿಸುವ ಖರ್ಚು ಬೇರೆ. ಇಷ್ಟೆಲ್ಲ ಆ ಸಾಸಿವೆ ಕಾಳಿನ ಹಿಂದೆ ಇತ್ತು. ನಾನು ಆರಿಸಿದ್ದು ನಡುವಿನ ಮಾಡೆಲ್, ಎಕ್ಸ್ ಶೋರೂಮ್ 19,80,000. ಅದರ ಮೇಲಿನದ್ದು ಬೇಡ ಅಂದೆ. ನಮ್ಮ ರಾಜ್ಯದಲ್ಲಿ 25 ಲಕ್ಷ ದಾಟಿದ ಇವಿಗೆ 10% ಜೀವಾವಧಿ ತೆರಿಗೆ ಅಂತ 2024ರಲ್ಲಿ ಮಾಡಿದ್ದಾರೆ, ಅದರ ಹತ್ತಿರವೂ ಹೋಗುವುದು ಬೇಡ ಅಂತ. ನೋಡಿ, ಇಷ್ಟೆಲ್ಲ ಲೆಕ್ಕ ಹಾಕಿದ ಮನುಷ್ಯ ನಾನು! 21,000 ಕೊಟ್ಟು ಬುಕ್ ಮಾಡಿದೆ.

"ಯಾವಾಗ ಕೊಡ್ತೀರಿ?"

"ಏ ಟೆನ್ಶನ್ ತಗೋಬ್ಯಾಡ್ರಿ ಸರ್, ಯುಗಾದಿಗೆ ನಿಮ್ಮ ಮನಿ ಮುಂದ ಗಾಡಿ ನಿಂತಿರ್ತದ."

ಮಾರ್ಚ್ ಮೂರನೇ ವಾರದಿಂದ ಫೋನು ಶುರುವಾಯಿತು. ದಿನಕ್ಕೆ ಎರಡು ಸಲ. ಸರ್, 31ರ ಒಳಗೆ ಬಿಲ್ ಆಗಬೇಕು, ಏಪ್ರಿಲ್‌ನಿಂದ ರೇಟು ಏರುತ್ತದೆ, ಲೋನ್ ಬೇಗ ಮಾಡಿಸಿರಿ. ನಾನೂ ಓಡಿದೆ. ಬ್ಯಾಂಕಿಗೆ ಓಡಿದೆ, ಸಹಿ ಹಾಕಿದೆ, 27ಕ್ಕೆ 15 ಲಕ್ಷ ನೇರ ಅವರ ಖಾತೆಗೆ ಹೋಯಿತು. ಬಿಲ್ಲಿನಲ್ಲಿ ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) 19,800, ಇನ್ಶೂರೆನ್ಸ್ 92,000, ಚಾರ್ಜರ್ ಮತ್ತು ಫಿಟಿಂಗ್ 65,000, ಆಮೇಲೆ 'ಹ್ಯಾಂಡ್ಲಿಂಗ್' ಅಂತ 15,000. ಇದೇನು ಹ್ಯಾಂಡ್ಲಿಂಗ್ ಅಂದರೆ "ಅದು ಎಲ್ಲಾರಿಗೂ ಇರ್ತದ ಸರ್" ಅಂದರು. ಎಲ್ಲರಿಗೂ ಇದ್ದರೆ ಸರಿಯಾಗಿಬಿಡುತ್ತದಾ? ಕೇಳಲಿಲ್ಲ. ಟಿಸಿಎಸ್ ಒಂದೇ ಪರವಾಗಿಲ್ಲ, 10 ಲಕ್ಷದ ಮೇಲಿನ ಗಾಡಿಗೆ 1% ಹಿಡಿಯುತ್ತಾರೆ, ರಿಟರ್ನ್ ಹಾಕುವಾಗ ಅದನ್ನು ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಉಳಿದದ್ದು ಹೋಯಿತು.

ಈಗ ಯುಗಾದಿ ದಿನಕ್ಕೆ ಬರುತ್ತೇನೆ. ಮಾರ್ಚ್ 30, ಭಾನುವಾರ.

ಬೇವುಬೆಲ್ಲ ತಿಂದು, ನಾನು, ಹೆಂಡತಿ, ಮಗಳು ಹಳೇ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಹಳೇ ಕಾರು ಎಕ್ಸ್‌ಚೇಂಜಿಗೆ. ಜನವರಿಯಲ್ಲಿ 3.10 ಅಂದಿದ್ದರು, ಅವತ್ತು ಬಾನೆಟ್ ಎತ್ತಿ ಮೂತಿ ಸೊಟ್ಟ ಮಾಡಿ 2.60 ಅಂದರು. ಹಬ್ಬದ ದಿನ ಜಗಳ ಬೇಡ ಅಂತ ಹೆಂಡತಿ ಕಣ್ಣಲ್ಲೇ ಹೇಳಿದಳು. ಒಪ್ಪಿದೆ. ಹಳೇ ಕಾರಿನ ಕೀ ಕೊಟ್ಟೆ.

ಹೊಸ ಕಾರಿಗೆ ಕೆಂಪು ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ಹಾಡು ಹಾಕಿದರು. ಬಟ್ಟೆ ಎಳೆದೆವು. ಚಪ್ಪಾಳೆ. ಕೇಕು. ಎರಡಡಿ ಉದ್ದದ ಥರ್ಮೋಕೋಲ್ ಕೀ ಕೈಗೆ ಕೊಟ್ಟು ಫೋಟೋ. ಹೆಂಡತಿ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಚೀಲ, ಚಕ್ರದ ಕೆಳಗೆ ಇಡಲು ನಾಲ್ಕು. ಆ ಗದ್ದಲದಲ್ಲೇ ಹುಡುಗನೊಬ್ಬ ಪ್ಯಾಡ್ ಹಿಡಿದುಕೊಂಡು ಬಂದ. "ಸರ್ ಇಲ್ಲೊಂದು, ಇಲ್ಲೊಂದು, ಇಲ್ಲೊಂದು." ಮೂರು ಸಹಿ ಹಾಕಿದೆ. ಓದಲಿಲ್ಲ. ಹೌದು, ಮತ್ತೆ ಓದಲಿಲ್ಲ.

ನಿಂಬೆಹಣ್ಣು ಇಡಲು ಬಗ್ಗಿದೆ. ಆಗ ಸೇಲ್ಸ್‌ನವನು ಹೆಗಲ ಮೇಲೆ ಕೈ ಇಟ್ಟ.

"ಸರ್, ಅದು ಈಗ ಬ್ಯಾಡ್ರಿ. ನಂಬರ್ ಪ್ಲೇಟ್ ಬಂದಿಲ್ಲ. ಪ್ಲೇಟ್ ಇಲ್ದ ಗಾಡಿ ಹೊರಗ ಬಿಡಂಗಿಲ್ಲ, ರೂಲ್ಸ್. ಸಾಫ್ಟ್‌ವೇರ್ ಅಪ್‌ಡೇಟ್ ಒಂದು ಬಾಕಿ ಐತಿ. ಎರಡ ದಿನ ಅಷ್ಟ."

"ಮತ್ತೆ ಇದೆಲ್ಲ ಯಾಕೆ ಮಾಡಿದ್ರಿ?" ಅಂದೆ, ಕೇಕು ತೋರಿಸಿ.

"ಹಬ್ಬದ ಮುಹೂರ್ತ ತಪ್ಪಬಾರದಲ್ರೀ ಸರ್!"

ಅಂದು, ಥರ್ಮೋಕೋಲ್ ಕೀಯನ್ನೂ ಇಸಿದುಕೊಂಡ. ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಅವರ ಮುಂದೆ ಅದೇ ಕೆಂಪು ಬಟ್ಟೆ ಮತ್ತೆ ಹೊದಿಸಿದರು. ಅದೇ ಕಾರಿಗೋ ಬೇರೆಯದಕ್ಕೋ ನೋಡುವಷ್ಟು ಧೈರ್ಯ ಇರಲಿಲ್ಲ.

ಹಳೇ ಕಾರು ಕೊಟ್ಟಾಗಿತ್ತು, ಹೊಸದು ಸಿಗಲಿಲ್ಲ. ಬಸ್ಸಿಗೆ ಹೋದೆವು. ಹಬ್ಬದ ರಶ್ಶು, ನಲವಡಿ ದಾಟುವ ತನಕ ನಿಂತೇ ಬಂದೆವು. ಹೆಂಡತಿಗೆ, ಮಗಳಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ಟು, ರೊಕ್ಕ ಕೊಟ್ಟವನು ನಾನೊಬ್ಬನೇ. 20 ಲಕ್ಷದ ಕಾರಿನ ಮಾಲೀಕ. ಅಣ್ಣಿಗೇರಿ ಹತ್ತಿರ ಭಾವಮೈದುನನ ಫೋನು: "ಗಾಡಿ ಎಲ್ಲಿಗೆ ಬಂತು ಮಾವಾ, ಆರತಿ ತಟ್ಟೆ ರೆಡಿ ಇಟ್ಕೊಂಡು ನಿಂತೇವಿ." ಏನು ಹೇಳಲಿ?

ಎರಡು ದಿನ ನಾಲ್ಕಾಯಿತು, ಹತ್ತಾಯಿತು. ಕೇಳಿದರೆ "ಕಂಪನಿ ಕಡೆಯಿಂದ ಲೇಟ್ ಸರ್." ಕಂಪನಿಗೆ ಫೋನ್ ಮಾಡಿದರೆ "ಡೀಲರ್ ಹತ್ತಿರ ಕೇಳಿ ಸರ್." ಏಪ್ರಿಲ್ 8ಕ್ಕೆ ಒಂದು ಹುಡುಗಿ ತಾನೇ ಫೋನ್ ಮಾಡಿದಳು. ಕಾರು ರೆಡಿ ಅಂತ ಹೇಳುತ್ತಾಳೆ ಅಂದುಕೊಂಡು ಮಷಿನ್ ನಿಲ್ಲಿಸಿ ಹೊರಗೆ ಬಂದೆ.

"ನಮಸ್ಕಾರ ಸರ್, ತಮ್ಮ ಡೆಲಿವರಿ ಅನುಭವ ಹೇಗಿತ್ತು? ಒಂದರಿಂದ ಹತ್ತರೊಳಗೆ ಅಂಕ ಕೊಡಬಹುದಾ?"

ಗಾಡಿನೇ ಬಂದಿಲ್ಲಮ್ಮ ಅಂದೆ. ಅವಳು ಸ್ವಲ್ಪ ಹೊತ್ತು ಟೈಪ್ ಮಾಡಿದಳು. "ನಮ್ಮ ದಾಖಲೆ ಪ್ರಕಾರ ತಮ್ಮ ವಾಹನ ಮಾರ್ಚ್ 30ರಂದು ತಲುಪಿದೆ ಸರ್. ಅಭಿನಂದನೆಗಳು. ಅಂಕ ಎಷ್ಟು ಅಂತ ಹಾಕಲಿ?"

ಅವತ್ತು ಅರ್ಥವಾಯಿತು ಯಾವುದಕ್ಕೆ ಸಹಿ ಹಾಕಿದ್ದೆ ಅಂತ. ಡೆಲಿವರಿ ನೋಟ್. ಆ್ಯಪಿನಲ್ಲಿ ನೋಡಿದರೆ ಗಾಡಿ ಮಾರ್ಚ್ 29ಕ್ಕೇ ನನ್ನ ಹೆಸರಿಗೆ ರಿಜಿಸ್ಟರ್ ಆಗಿದೆ, ಕೆಎ 26 ನಂಬರು. ಅವರಿಗೆ ಬೇಕಾಗಿದ್ದು ಮಾರ್ಚ್ ಲೆಕ್ಕ. ಹಣಕಾಸು ವರ್ಷದ ಕೊನೆಗೆ ಇಷ್ಟು ಗಾಡಿ ಮಾರಿದೆವು ಅಂತ ತೋರಿಸಬೇಕು. ಹೊಸ ಮಾಡೆಲ್ ಲಾಂಚ್ ಆದಾಗ ಈ ಲೆಕ್ಕದ ಆಸೆ ಇನ್ನೂ ಜಾಸ್ತಿ. ಗಾಡಿ ಮಾರಿದ್ದು ಕಾಗದದಲ್ಲಿ ಸಾಕು. ಅದು ನನ್ನ ಮನೆಯಲ್ಲಿದ್ದರೂ ಒಂದೇ, ಅವರ ಯಾರ್ಡಿನಲ್ಲಿದ್ದರೂ ಒಂದೇ.

ನನಗೆ ಒಂದೇ ಅಲ್ಲವಲ್ಲ! ಇನ್ಶೂರೆನ್ಸ್ ಆ ದಿನದಿಂದಲೇ ಓಡುತ್ತಿತ್ತು. ಎಂಟು ವರ್ಷದ ಬ್ಯಾಟರಿ ವಾರಂಟಿ ಬಿಲ್ ದಿನದಿಂದಲೇ ಶುರು. ಬ್ಯಾಂಕಿನ ಬಡ್ಡಿ ಅಂತೂ ರಾತ್ರಿಯೂ ಮಲಗುವುದಿಲ್ಲ. ಏಪ್ರಿಲ್ 27ಕ್ಕೆ 24,134 ಕಟ್ಟಿದೆ. ಮೇ 27ಕ್ಕೆ ಇನ್ನೊಂದು 24,134. ಕಾರಿನ ವಾಸನೆ ಕೂಡ ನೋಡದೆ 48,268. ಮದುವೆ ಕಾರ್ಡನ್ನು ಮದುವೆ ಆದ ಮೇಲೆ ಕೊಟ್ಟರೆ ಯಾರಾದರೂ ರೊಕ್ಕ ಕೊಡುತ್ತಾರಾ ನನಗೆ? ಕಾರ್ಡಿನಿಂದಲೇ ಹೊಡೆಯುತ್ತಾರೆ.

ಇದಕ್ಕಿಂತ ದೊಡ್ಡದು ಇನ್ನೂ ಇದೆ. ಏಪ್ರಿಲ್ 17, ಗುರುವಾರ. ಪ್ರೆಸ್ಸಿನಲ್ಲಿ ಕೂತಿದ್ದೆ. ಮೊಬೈಲಿಗೆ ಮೆಸೇಜು ಬಂತು. ಹಿರೇಬಾಗೇವಾಡಿ ಟೋಲ್, ಫಾಸ್ಟ್ಯಾಗ್‌ನಿಂದ ರೊಕ್ಕ ಕಟ್. ಗಾಡಿ ನಂಬರು ನನ್ನದೇ. ಎರಡು ಸಲ ಓದಿದೆ, ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದೆ. ಫಾಸ್ಟ್ಯಾಗ್ ಶೋರೂಮಿನವರೇ ಅಂಟಿಸಿದ್ದು, ಮೊಬೈಲ್ ನಂಬರ್ ನನ್ನದು ಕೊಟ್ಟಿದ್ದರು, ಪಾಪ ಮರೆತಿದ್ದರು. ಪ್ಲೇಟ್ ಬಂದಿಲ್ಲ ಅಂತ ನನಗೆ ಕೊಡದ ಕಾರು ಬೆಳಗಾವಿ ಕಡೆ ಹೊರಟಿತ್ತು. ಸಂಜೆ ವಾಪಸ್ ಬರುವಾಗ ಮತ್ತೊಂದು ಮೆಸೇಜು.

ಮರುದಿನ ಹುಬ್ಬಳ್ಳಿಗೆ ಹೋಗಿ ಮ್ಯಾನೇಜರ್ ಮುಂದೆ ಮೊಬೈಲ್ ಇಟ್ಟೆ. ನೋಡಿದರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

"ಅದು ಕ್ವಾಲಿಟಿ ಚೆಕ್ ಸರ್."

"ಬೆಳಗಾವಿಗಾ?"

"ಹೈವೇ ಟೆಸ್ಟಿಂಗ್ ಮಾಡಬೇಕಾಗ್ತದ್ರೀ. ನಿಮ್ಮ ಸೇಫ್ಟಿ ಸಲುವಾಗೇ."

"ಪ್ಲೇಟ್ ಇಲ್ಲ ಅಂದಿದ್ರಲ್ಲ, ಯಾವ ಪ್ಲೇಟ್ ಹಾಕಿಕೊಂಡು ಹೋದಿರಿ?"

ಆಗ ಡ್ರಾಯರ್ ಎಳೆದು ಆ ಡೆಲಿವರಿ ನೋಟ್ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು. ಬೆರಳು ಇಟ್ಟು ತೋರಿಸಿದರು. "ಇದು ನಿಮ್ಮದ ಸಹಿ ಅಲ್ರೀ ಸರ್? ಲೆಕ್ಕದ ಪ್ರಕಾರ ಗಾಡಿ ನಿಮ್ಮ ಹತ್ರಾನೇ ಐತಿ."

ಕಾಗದದ ವ್ಯಾಪಾರದವನಿಗೆ ಕಾಗದ ತೋರಿಸಿ ಬಾಯಿ ಮುಚ್ಚಿಸಿದರು. ಪಕ್ಕದ ಸೋಫಾದಲ್ಲಿ ಯಾರೋ ಗಂಡ ಹೆಂಡತಿ ಬ್ರೋಷರ್ ನೋಡುತ್ತಾ ಕೂತಿದ್ದರು. ಅವರಿಗೆ ಕೇಳಿಸುವ ಹಾಗೆ ಕೂಗಬೇಕಿತ್ತು. ಕೂಗಲಿಲ್ಲ. ಎದ್ದು ಬಂದೆ. ಈ ಬರಹ ಅವರಿಗೂ ಸೇರಿ.

ಬಸವ ಜಯಂತಿಗೆ ಪಕ್ಕಾ ಅಂದರು, ಅದೂ ಹೋಯಿತು. ಕೊನೆಗೆ ಜೂನ್ 4ಕ್ಕೆ ಕೊಟ್ಟರು. ಯುಗಾದಿಯಿಂದ 66 ದಿನ. ಈ ಸಲ ಕೇಕು ಇಲ್ಲ, ಹಾಡೂ ಇಲ್ಲ. ಮೀಟರ್ ನೋಡಿದರೆ 743 ಕಿ.ಮೀ. ಕೇಳಿದ್ದಕ್ಕೆ "ಟ್ರಾನ್ಸಿಟ್‌ದಾಗ ಓಡಿರ್ತದ ಸರ್." ಕಂಟೇನರ್ ಲಾರಿಯೊಳಗೆ ಕಟ್ಟಿಹಾಕಿದ ಕಾರು 743 ಕಿ.ಮೀ. ಓಡುತ್ತದಾ? ಹಿಂದಿನ ಸೀಟಿನ ಹೊಲಿಗೆ ಸಂದಿಯಲ್ಲಿ ಕಂದು ಬಣ್ಣದ ಪುಡಿ. ಹೆಂಡತಿ ಉಗುರಿನಿಂದ ಕೆದರಿ ತೆಗೆದಳು. ಧಾರವಾಡ ಪೇಡೆ, ಮೇಲಿನ ಸಕ್ಕರೆ ಕಾಳು ಸಮೇತ. "ನಮ್ಮ ಗಾಡಿ ಬಂದ ಖುಷಿಗೆ ಯಾರೋ ಪೇಡೆ ತಿಂದಾರ್ರೀ" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾರಿನ ಬಗ್ಗೆಯೂ ಎರಡು ಮಾತು. ಓಡಿಸಲು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಫುಲ್ ಚಾರ್ಜಿಗೆ 530 ಕಿ.ಮೀ. ಅಂತ ಬರೆದಿರುವುದು ಟೆಸ್ಟ್ ಲೆಕ್ಕ, ಅಲ್ಲಿಯೂ ನಕ್ಷತ್ರ. ಎಸಿ ಹಾಕಿಕೊಂಡು ಗದಗದಿಂದ ಹುಬ್ಬಳ್ಳಿಗೆ ಹೋಗಿ ಬಂದೆ, ಒಟ್ಟು 118 ಕಿ.ಮೀ., ಬ್ಯಾಟರಿ 34% ಇಳಿಯಿತು. ನೀವೇ ಲೆಕ್ಕ ಹಾಕಿ, 350ಕ್ಕೂ ಮುಟ್ಟುವುದಿಲ್ಲ. ಮನೆಯ ಲೋಡ್ 3 ಕಿಲೋವ್ಯಾಟ್ ಇದ್ದರೆ 7.2 ಕಿಲೋವ್ಯಾಟಿನ ಚಾರ್ಜರ್ ಕೂರಿಸಲು ಮೊದಲು ಕರೆಂಟ್ ಕಂಪನಿ ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಇದನ್ನು ಬುಕಿಂಗ್ ದಿನ ಯಾರೂ ಹೇಳಲಿಲ್ಲ. ಅಲ್ಲಿಯವರೆಗೆ 15 ಆಂಪ್ ಪ್ಲಗ್ಗೇ ಗತಿ. 60 ಯೂನಿಟ್ ಬ್ಯಾಟರಿ, ಖಾಲಿಯಿಂದ ತುಂಬಲು ಸುಮಾರು 20 ತಾಸು. ಮಧ್ಯೆ ಕರೆಂಟ್ ಹೋದರೆ ಕೇಳಲೇಬೇಡಿ.

ಕೊಳ್ಳುವವರು ಮಾಡಬೇಕಾದ್ದು ಇಷ್ಟೇ. ಗಾಡಿ ಗೇಟಿನ ಹೊರಗೆ, ಕೀ ನಿಮ್ಮ ಜೇಬಿಗೆ ಬರುವ ತನಕ ಡೆಲಿವರಿ ನೋಟಿಗೆ ಸಹಿ ಬೇಡ. ಹಾಡು ಹಾಕಿದಾಗಂತೂ ಬೇಡವೇ ಬೇಡ. ಬಿಲ್ ಮಾಡುವ ಮೊದಲು ಯಾರ್ಡಿಗೆ ಹೋಗಿ ಗಾಡಿ ನೋಡಿ, ಚಾಸಿ ನಂಬರ್ ಮತ್ತು ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಕಾರಿನ ಕೀ ಹೊಸದು ಸಿಕ್ಕ ಮೇಲೆ ಕೊಡಿ. ಮಾರ್ಚ್ ಕೊನೆಯಲ್ಲಿ ಅವಸರ ಮಾಡಿದರೆ, ಆ ಅವಸರ ನಿಮ್ಮದಲ್ಲ, ಅವರದು.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬುಕಿಂಗ್ ಫಾರಂನಲ್ಲಿ ತಕರಾರು ಏನಿದ್ದರೂ 'ಹುಬ್ಬಳ್ಳಿ ವ್ಯಾಪ್ತಿಗೆ ಮಾತ್ರ' ಅಂತ ಒಂದು ಸಾಲಿದೆ, ಅದೂ 6 ಪಾಯಿಂಟಿನಲ್ಲೇ. ವಕೀಲ ಗೆಳೆಯ ನಕ್ಕ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರುವ ಊರಿನಲ್ಲೇ ದೂರು ಹಾಕಬಹುದು, ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು ಅಂದ. ಹಾಗಾಗಿ ಗದಗದಲ್ಲೇ ಹಾಕುತ್ತೇನೆ. ದೂರು ಕೊಟ್ಟ ಮೇಲೆ ಶೋರೂಮಿನಿಂದ ಫೋನು ಬಂತು. ಫ್ಲೋರ್ ಮ್ಯಾಟು, ಒಂದು ಸೆಂಟಿನ ಬಾಟಲಿ, ಮೊದಲ ಸರ್ವೀಸ್ ಫ್ರೀ ಕೊಡುತ್ತಾರಂತೆ. ಮೊದಲ ಸರ್ವೀಸ್ ಎಲ್ಲರಿಗೂ ಫ್ರೀ.

ಮೊನ್ನೆ ಚಾರ್ಜರಿನ ಬಿಲ್ ತರಲು ಹೋಗಿದ್ದೆ. ಗೋಡೆ ಮೇಲೆ 'ನಮ್ಮ ಸಂತುಷ್ಟ ಗ್ರಾಹಕರು' ಅಂತ ದೊಡ್ಡ ಫ್ಲೆಕ್ಸ್. ಅದರಲ್ಲಿ ನಾವು. ಪ್ರಿಂಟ್ ಕೂಡ ಸರಿ ಇಲ್ಲ, ಹೆಂಡತಿಯ ಹಸಿರು ಸೀರೆ ನೀಲಿ ಬಂದಿದೆ. ತೆಗೆಯಿರಿ ಅಂದೆ. "ಅದು ಹೆಡ್ ಆಫೀಸಿನಿಂದ ಬಂದದ್ದು ಸರ್, ನಾವು ಮುಟ್ಟಂಗಿಲ್ಲ" ಅಂದರು. ಇನ್ನೂ ಅಲ್ಲೇ ಇದೆ. ಯಾರಾದರೂ ಹೋದರೆ ನೋಡಿ. ಒಂದು ಕೈಯಲ್ಲಿ ಥರ್ಮೋಕೋಲ್ ಕೀ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಚೀಲ ಹಿಡಿದು ಹಲ್ಲು ಕಿರಿಯುತ್ತಿರುವ ಬೋಳುತಲೆಯವನೇ ನಾನು.